ತೊಳೆದ ಕವರ್ ಒಣಗೋದೇ ಇಲ್ಲ

ಮನೆಕೆಲಸದಲ್ಲಿ ಯಾವುದು ಕಂಡ್ರೆ ಆಗಲ್ಲ ಅಂತ ಯಾರನ್ನಾದ್ರೂ ಕೇಳಿ ನೋಡಿ, ಪಾತ್ರೆ ತೊಳೆಯೋದು, ಟಾಯ್ಲೆಟ್ ತಿಕ್ಕೋದು, ಬಟ್ಟೆ ಮಡಚೋದು ಅಂತಾರೆ. ಸರಿನೇ, ನಂಗೂ ಆಗಲ್ಲ. ಆದ್ರೆ ನಮ್ಮಂಥ ಕೈ ಬಿಗಿ ಹಿಡಿದು ಬದುಕೋ ಮನೆಗಳಲ್ಲಿ ಇನ್ನೊಂದು ಥರದ ಕೆಲಸ ಇರತ್ತೆ, ಅದಕ್ಕೆ ಸರಿಯಾಗಿ ಹೆಸರೂ ಇಲ್ಲ. ಪ್ಲಾಸ್ಟಿಕ್ ಕವರ್ ತೊಳೆದು ತಲೆಕೆಳಗೆ ಮಾಡಿ ಒಣಗಿಸೋದು. ಗಾಜಿನ ಬಾಟಲಿ ನೀರಲ್ಲಿ ನೆನೆಸಿ ಅದರ ಮೇಲಿನ ಲೇಬಲ್ ಉಗುರಲ್ಲಿ ಕೆರೆಯೋದು. ಸವೆದ ಸೋಪಿನ ಚೂರನ್ನ ಹೊಸ ಸೋಪಿಗೆ ಒತ್ತಿ ಅಂಟಿಸೋದು, ಅದು ಎರಡನೇ ದಿನಕ್ಕೆ ಕಿತ್ಕೊಂಡು ಬಚ್ಚಲ ನೆಲಕ್ಕೆ ಬೀಳೋದು, ಮತ್ತೆ ಅಂಟಿಸೋದು. ಇಪ್ಪತ್ತು ಡಬ್ಬ ಹದಿಮೂರು ಮುಚ್ಚಳ ಇಟ್ಕೊಂಡು ಯಾವುದು ಯಾವುದಕ್ಕೆ ಅಂತ ನೆಲದ ಮೇಲೆ ಕೂತು ಜೋಡಿ ಹುಡುಕೋದು.

ಮೊದಲೇ ಹೇಳ್ಬಿಡ್ತೀನಿ, ನಮ್ಮನೇಲಿ ಈ ರೂಲ್ಸ್ ಎಲ್ಲಾ ಮಾಡಿದ್ದು ನಾನೇ. ಯಾರ ಮೇಲೂ ದೂರು ಹೇಳೋಕಾಗಲ್ಲ. ನಮ್ಮನೆಯವ್ರು ಪಾಪ ಒಂದು ಕವರ್ ಕಸದ ಬುಟ್ಟಿಗೆ ಹಾಕೋ ಮುಂಚೆ ಹಿಂದೆ ತಿರುಗಿ ನೋಡ್ತಾರೆ, ನಾನಿದೀನಾ ಅಂತ.

ಕವರ್ ವಿಷಯಕ್ಕೇ ಬರ್ತೀನಿ, ಯಾಕಂದ್ರೆ ನನ್ನ ಸಿಟ್ಟೆಲ್ಲಾ ಅದರ ಮೇಲೇ. ಪಾತ್ರೆ ತೊಳೆದ್ರೆ ಮುಗೀತು, ಬೋರಲು ಹಾಕಿದ್ರೆ ನೀರು ಇಳಿಯತ್ತೆ. ಕವರ್ ಹಾಗಲ್ಲ. ಒಳಗಿನ ಎರಡು ಪದರ ಒಂದಕ್ಕೊಂದು ಅಂಟ್ಕೊಳತ್ತೆ, ಮಧ್ಯೆ ಗಾಳಿ ಆಡಲ್ಲ, ಮೂಲೇಲಿ ಒಂದು ಹನಿ ನೀರು ನಾಳೆವರೆಗೂ ಹಾಗೇ ಕೂತಿರತ್ತೆ. ಜಿಡ್ಡಿದ್ರಂತೂ ಕೇಳ್ಬೇಡಿ, ಪ್ಲಾಸ್ಟಿಕ್ಕಿಗೂ ಎಣ್ಣೆಗೂ ಅದೇನು ಸ್ನೇಹನೋ, ಎರಡು ಸಲ ಸೋಪ್ ಹಾಕಿದ್ರೂ ಬೆರಳಿಗೆ ಜಾರಿಕೆ ತಗಲ್ತಾನೇ ಇರತ್ತೆ. ಅದಕ್ಕೆ ಬಿಸಿನೀರು, ಅದಕ್ಕೆ ಸೋಪು, ನಲ್ಲಿ ಬಿಟ್ಕೊಂಡು ನಿಂತ ಐದು ನಿಮಿಷ. ಒಂದಿನ ಸಿಂಕ್ ಮುಂದೆ ನಿಂತು ಯೋಚನೆ ಮಾಡ್ದೆ, ನಾನಿಲ್ಲಿ ಉಳಿಸ್ತಿರೋದು ಏನು? ಆ ಕವರ್ ಬೆಲೆಗಿಂತ ಈ ಬಿಸಿನೀರಿನ ಕರೆಂಟೇ ಜಾಸ್ತಿ ಆಗಿರಬಹುದು. ಒಣ ಸಾಮಾನು ತಂದ ಕವರ್ ಕೊಡವಿ ಮಡಚಿಟ್ರೆ ಅದು ಬೇರೆ ಮಾತು, ಜಿಡ್ಡಿನ ಕವರ್ ತೊಳೆಯೋದಿದೆಯಲ್ಲಾ, ಅದು ಉಳಿತಾಯನೇ ಅಲ್ಲ, ಹರಕೆ ಥರ ಏನೋ.

ಅವತ್ತಿಂದ ನಂಗೊಂದು ಅನುಮಾನ ಶುರುವಾಯ್ತು. ಮನೇಲಿ ನಾವು ತುಂಬಾ ದ್ವೇಷ ಮಾಡೋ ಉಳಿತಾಯದ ಕೆಲಸಗಳೇ ತುಂಬಾ ಕಮ್ಮಿ ಉಳಿಸೋವು. ನಿಜವಾಗ್ಲೂ ದುಡ್ಡು ಉಳಿಸೋದು ಮೈ ನೋಯದೇ ಆಗಿಹೋಗತ್ತೆ, ಹಾಗಾಗಿ ಅದನ್ನ ಯಾರೂ ಕೆಲಸ ಅಂತ ಅಂದ್ಕೊಳ್ಳೋದೇ ಇಲ್ಲ. ವಾಷಿಂಗ್ ಮೆಷಿನ್ ತಗೊಳ್ಳಿ. ಬಿಸಿನೀರಲ್ಲಿ ಒಗೆಯೋವಾಗ ಅದು ತಿನ್ನೋ ಕರೆಂಟಲ್ಲಿ ಹೆಚ್ಚಿನ ಪಾಲು ನೀರು ಕಾಯಿಸೋಕೇ ಹೋಗತ್ತೆ, ಡ್ರಮ್ ತಿರುಗಿಸೋಕಲ್ಲ. ತಣ್ಣೀರಿಗೆ ಬಟನ್ ತಿರುಗಿಸಿದ್ರೆ ಸಾಕು, ದಿನಾ ಉಡೋ ಬಟ್ಟೆ ಅದ್ರಲ್ಲೇ ಚೆನ್ನಾಗಿ ಆಗತ್ತೆ. ಇದಕ್ಕೆ ಒಂದು ಬೆರಳು ಸಾಕು. ಆದ್ರೆ ಇದನ್ನ ಮಾಡಿದೋರಿಗೆ ನಾನು ಎಷ್ಟು ಉಳಿಸ್ದೆ ನೋಡು ಅನ್ನೋ ತೃಪ್ತಿ ಸಿಗಲ್ಲ. ನಂಗೂ ಸಿಗ್ತಿರಲಿಲ್ಲ. ಸೊಂಟ ಹಿಡ್ಕೊಂಡಾಗಲೇ ಏನೋ ಉಳಿಸಿದ ಹಾಗೆ ಅನ್ಸೋದು.

ಡಿಟರ್ಜೆಂಟ್ ಕಥೆನೂ ಇದೇ. ಒಂದು ಚಮಚ ಜಾಸ್ತಿ ಹಾಕಿದ್ರೆ ಬಟ್ಟೆ ಇನ್ನಷ್ಟು ಕ್ಲೀನ್ ಆಗಲ್ಲ, ನೊರೆ ಬಟ್ಟೇಲೇ ಉಳಿದು ಒರಟಾಗತ್ತೆ, ಮತ್ತೆ ಅದನ್ನ ಜಾಲಿಸೋಕೆ ನೀರು. ಕಮ್ಮಿ ಹಾಕೋದು ಅಂದ್ರೆ ಕೆಲಸ ಕಮ್ಮಿ ಆಗೋದು.

ಹಾಗಂತ ಎಲ್ಲಾ ಬೇಜಾರಿನ ಕೆಲಸನೂ ದಂಡ ಅಂತಲ್ಲ. ಕೆಲವು ಮಾಡಲೇಬೇಕು, ನಾವು ಮುಂದೂಡೋದೂ ಅವನ್ನೇ. ಫ್ರಿಜ್ ಹಿಂದುಗಡೆ ಕಾಯಿಲ್ ಕಾಣೋ ಹಾಗಿದ್ರೆ ಅದರ ಮೇಲಿನ ಧೂಳು, ನಮ್ಮನೇಲಿ ಅದನ್ನ ತೆಗೆದಿದ್ದು ಯಾವಾಗ ಅಂತ ಕೇಳ್ಬೇಡಿ. ಧೂಳು ಕಟ್ಟಿದ್ರೆ ಬಿಸಿ ಹೊರಗೆ ಹೋಗಲ್ಲ, ಕಂಪ್ರೆಸರ್ ಜಾಸ್ತಿ ಹೊತ್ತು ಓಡತ್ತೆ. ಪ್ಲಗ್ ತೆಗೆದು ಬ್ರಷ್ ಆಡಿಸಿದ್ರೆ ಆಯ್ತು. ಆಮೇಲೆ ನೀರು ಕಾಯಿಸೋ ಕೆಟಲ್ ಒಳಗಿನ ಬಿಳಿ ಪೊರೆ. ಗಡಸು ನೀರಿನ ಸುಣ್ಣದ ಅಂಶ ಅದು, ಅದಕ್ಕೆ ವಿನೆಗರ್ ಇಲ್ಲಾ ಸಿಟ್ರಿಕ್ ಆಸಿಡ್ ಕಲಸಿದ ನೀರು ಹಾಕಿ ಬಿಟ್ರೆ ತಾನೇ ಕರಗತ್ತೆ, ತಿಕ್ಕೋದೇ ಬೇಡ.

ಇಲ್ಲೊಂದು ಮಾತು ಹೇಳ್ಲೇಬೇಕು. ವಿಡಿಯೋಗಳಲ್ಲಿ ಅಡುಗೆ ಸೋಡಾ ಮೇಲೆ ವಿನೆಗರ್ ಸುರೀತಾರಲ್ಲ, ಬುಸ್ ಅಂತ ನೊರೆ ಬರತ್ತೆ, ನೋಡೋಕೆ ಭಾರಿ ಪವರ್‌ಫುಲ್. ಒಂದು ಕ್ಷಾರ, ಒಂದು ಆಮ್ಲ, ಎರಡೂ ಸೇರಿ ಒಂದನ್ನೊಂದು ಸೊನ್ನೆ ಮಾಡ್ಕೊಂಡು ಗ್ಯಾಸ್ ಬಿಟ್ಟು ಕೊನೆಗೆ ಉಳಿಯೋದು ಹೆಚ್ಚುಕಮ್ಮಿ ಉಪ್ಪುನೀರು. ಬೇರೆ ಬೇರೆ ಬಳಸಿದ್ರೆ ಎರಡಕ್ಕೂ ಕೆಲಸ ಇದೆ. ತಳ ಹತ್ತಿದ ಸ್ಟೀಲ್ ಪಾತ್ರೆಗೆ ನೀರು, ಒಂದು ಚಮಚ ಸೋಡಾ ಹಾಕಿ ಕುದಿಸಿ ಆರೋಕೆ ಬಿಟ್ರೆ ಕರಿ ಸಡಿಲ ಆಗತ್ತೆ. ಅಲ್ಯೂಮಿನಿಯಂಗೆ ಮಾತ್ರ ಬೇಡ, ಪಾತ್ರೆನೇ ಕಪ್ಪಾಗತ್ತೆ. ನಾನು ಮಾಡಿ ಕಲ್ತಿದ್ದು. ಇನ್ನು ಬ್ಲೀಚ್ ಜೊತೆ ವಿನೆಗರ್ ಆಗಲಿ ಟಾಯ್ಲೆಟ್ ಆಸಿಡ್ ಆಗಲಿ ಯಾವತ್ತೂ ಸೇರಿಸ್ಬೇಡಿ, ಕ್ಲೋರಿನ್ ಗ್ಯಾಸ್ ಬರತ್ತೆ, ಬಾಗಿಲು ಹಾಕಿರೋ ಸಣ್ಣ ಬಾತ್‌ರೂಮಲ್ಲಿ ಅದು ತಮಾಷೆ ಅಲ್ಲ.

ಪಾತ್ರೆ ಮಾತು ಬಂತು ಅಂತ ಹೇಳ್ತೀನಿ. ಪಾತ್ರೆ ತೊಳೆಯೋ ಮೆಷಿನ್‌ಗೆ 1886ರಲ್ಲಿ ಪೇಟೆಂಟ್ ತಗೊಂಡಿದ್ದು ಜೋಸೆಫಿನ್ ಕೊಕ್ರೇನ್ ಅನ್ನೋ ಅಮೆರಿಕದ ಹೆಂಗಸು. ತಿಕ್ಕಿ ತಿಕ್ಕಿ ಕೈ ಬಿದ್ದುಹೋಗಿ ಮಾಡಿದ್ದೇನಲ್ಲ ಅಂತೆ, ಕೆಲಸದವರು ತೊಳೆಯೋವಾಗ ಅವಳ ಪಿಂಗಾಣಿ ತಟ್ಟೆ ಅಂಚು ಒಡೀತಿತ್ತಂತೆ! 1893ರ ಶಿಕಾಗೋ ಮೇಳದಲ್ಲಿ ಅದನ್ನ ತೋರಿಸಿದ್ರೂ ಕೊಂಡೋರು ಜಾಸ್ತಿ ಹೋಟೆಲಿನೋರು, ಮನೆಗಳಿಗೆ ಬರೋಕೆ ಇನ್ನೂ ಎಷ್ಟೋ ದಶಕ ಹಿಡೀತು. ಈಗ ಆ ಮೆಷಿನ್ ಅಂದ್ರೆ ದುಂದು ಅಂತ ಮೂಗು ಮುರಿಯೋ ನಮ್ಮಂಥೋರು ನಲ್ಲಿ ಬಿಟ್ಕೊಂಡೇ ತೊಳೀತೀವಿ. ಪೂರ್ತಿ ತುಂಬಿಸಿ ಓಡಿಸಿದ್ರೆ ಅದಕ್ಕೇ ನೀರು ಕಮ್ಮಿ ಸಾಕು. ಇದು ಗೊತ್ತಿದ್ದೂ ನಾನು ತಗೊಂಡಿಲ್ಲ. ನನ್ನ ಜಿಪುಣತನಕ್ಕೆ ಲಾಜಿಕ್ ಹುಡುಕ್ಬೇಡಿ.

ಹೋದ ವಾರ ಮಗಳು ಒಂದು ಕವರ್ ಹಿಡ್ಕೊಂಡು ಬಂದು, “ಅಮ್ಮಾ, ಇದನ್ನ ತೊಳೆದ್ರೆ ಎಷ್ಟು ಉಳಿಯತ್ತೆ ಹೇಳು, ನಾನು ಅಷ್ಟು ನನ್ನ ಪಾಕೆಟ್ ಮನಿಯಿಂದ ಕೊಟ್ಬಿಡ್ತೀನಿ” ಅಂದ್ಳು. ನಮ್ಮನೆಯವ್ರು ಪೇಪರ್ ಹಿಂದೆ ಮುಖ ಮುಚ್ಕೊಂಡ್ರು, ಭುಜ ಅಲುಗ್ತಿತ್ತು. “ರೀ, ನಗ್ತಿದೀರಾ?” ಅಂದೆ. “ಇಲ್ವೇ, ಕೆಮ್ಮು” ಅಂದ್ರು.

ಈಗ ಹೊಸ ರೂಲ್. ಜಿಡ್ಡಿನ ಕವರ್ ಯಾರೂ ತೊಳೆಯೋ ಹಾಗಿಲ್ಲ, ಕವರ್ ಮನೆಗೆ ಬರದ ಹಾಗೆ ಬಾಗಿಲ ಹಿಂದೆ ಎರಡು ಬಟ್ಟೆ ಚೀಲ ನೇತು ಹಾಕಿದೀನಿ. ಮುಚ್ಚಳ ಇಲ್ಲದ ಏಳು ಡಬ್ಬ ಒಂದು ರಟ್ಟಿನ ಪೆಟ್ಟಿಗೆಗೆ ಹಾಕಿ ಹೊರಗಿಡು ಅಂತ ಮಗಳಿಗೆ ಹೇಳ್ದೆ. ಅವಳು ಇಟ್ಳು. ರಾತ್ರಿ ನಾನೇ ಹೋಗಿ ಎರಡು ವಾಪಸ್ ತಂದೆ, ಗುಂಡಿ, ಸೂಜಿ ದಾರಕ್ಕೆ ಆಗತ್ತಲ್ಲಾ ಅಂತ.