ನಾಳೆ ನಿಮ್ಮ ಮಗು ಶನಿಯಾಗಿ ಬರತಕ್ಕದ್ದು

‘ಆತ್ಮೀಯ ಪೋಷಕರೇ, ನಾಳೆ ಸೌರಮಂಡಲ ದಿನ ಆಚರಿಸುತ್ತಿರುವುದರಿಂದ ನಿಮ್ಮ ಮಗು ಶನಿಗ್ರಹದ ವೇಷದಲ್ಲಿ ಬರತಕ್ಕದ್ದು. ಉಂಗುರ ಕಡ್ಡಾಯ. ಪ್ಲಾಸ್ಟಿಕ್ ಬಳಸುವಂತಿಲ್ಲ.’

ರಾತ್ರಿ ಹತ್ತು ದಾಟಿದ ಮೇಲೆ ಪ್ರಾಥಮಿಕ ಶಾಲೆಯಿಂದ ಬಂದ ಸಂದೇಶ ಇದು. ನಿಮಗೂ ಬಂದಿರುತ್ತದೆ. ನಿಮ್ಮ ಪಾಲಿಗೆ ಗುರು ಬಂದಿರಬಹುದು, ಶುಕ್ರ ಬಂದಿರಬಹುದು, ಅದು ನಿಮ್ಮ ಯೋಗ. ನಮಗೆ ಶನಿಯೇ ಬಂತು. ಅಂಗಡಿಗಳು ಮುಚ್ಚಿವೆ, ಮಗು ಮಲಗಿದೆ, ಮನೆಯಲ್ಲಿದ್ದ ಕೊನೆಯ ರಟ್ಟಿನ ಡಬ್ಬಿ ಹಿಂದಿನ ವಾರದ ‘ನಮ್ಮ ಸಹಾಯಕರು’ ದಿನಕ್ಕೆ ಅಂಚೆಪೆಟ್ಟಿಗೆಯಾಗಿ ಹುತಾತ್ಮವಾಗಿದೆ. ಶನಿ ಹೆಗಲೇರುವಾಗ ಜ್ಯೋತಿಷಿಗಳಾದರೂ ಮೊದಲೇ ಹೇಳುತ್ತಾರೆ, ಏಳೂವರೆ ವರ್ಷದ ಕಾಟ ಯಾವಾಗ ಶುರು, ಯಾವಾಗ ಮುಕ್ತಾಯ ಎಂದು. ಶಾಲೆಗೆ ಅಷ್ಟು ವ್ಯವಧಾನವಿಲ್ಲ.

ಆ ರಾತ್ರಿ ಪೋಷಕರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ನಡೆದ ಖಗೋಳ ಚರ್ಚೆಯನ್ನು ಯಾವ ವಿಶ್ವವಿದ್ಯಾಲಯವೂ ಏರ್ಪಡಿಸಲಾರದು. ‘ಗುರು, ಯುರೇನಸ್, ನೆಪ್ಚೂನ್‌ಗಳಿಗೂ ಉಂಗುರಗಳಿವೆ, ಆ ಮಕ್ಕಳಿಗೂ ಕಡ್ಡಾಯವೇ?’ ಎಂದು ಒಬ್ಬ ತಂದೆ ಕೇಳಿದರು. ಉತ್ತರವಿಲ್ಲ. ಇನ್ನೊಬ್ಬರ ಮಗನಿಗೆ ಪ್ಲೂಟೊ ಕೊಟ್ಟಿದ್ದರು. ಅಂತರರಾಷ್ಟ್ರೀಯ ಖಗೋಳ ಒಕ್ಕೂಟ 2006ರಲ್ಲಿಯೇ ಪ್ಲೂಟೊವನ್ನು ಗ್ರಹಪದವಿಯಿಂದ ಇಳಿಸಿ ಕುಬ್ಜಗ್ರಹ ಮಾಡಿದ ಸುದ್ದಿ ಶಾಲೆಗೆ ಇನ್ನೂ ತಲುಪಿಲ್ಲ. ಬಹುಶಃ ಒಕ್ಕೂಟದವರು ಅದನ್ನು ಗುಂಪಿನಲ್ಲಿ ಹಾಕಲಿಲ್ಲ. ಗ್ರಹಗಳು ಎಂಟು, ತರಗತಿಯ ಮಕ್ಕಳು ಅದರ ಹಲವು ಪಟ್ಟು. ಹಾಗಾಗಿ ಉಳಿದವರೆಲ್ಲ ಕ್ಷುದ್ರಗ್ರಹಗಳು. ‘ನನ್ನ ಮಗಳೇ ಏಕೆ ಕ್ಷುದ್ರ?’ ಎಂದು ಒಬ್ಬ ತಾಯಿ ನೊಂದುಕೊಂಡರು. ಸೂರ್ಯ ಯಾರೆಂಬ ಬಗ್ಗೆ ಮಾತ್ರ ಚರ್ಚೆಯೇ ಆಗಲಿಲ್ಲ. ಗುಂಪಿನ ಅಡ್ಮಿನ್ ಆಗಿರುವವರ ಮಗನ ಸುತ್ತ ಉಳಿದ ಮಕ್ಕಳು ಸುತ್ತುವುದು ನಿಸರ್ಗನಿಯಮ.

ಹಾಗೆಂದು ಶಾಲೆ ಮಾಹಿತಿಯನ್ನೇ ಕೊಡುವುದಿಲ್ಲ ಎಂದರೆ ನಾಲಿಗೆ ಬಿದ್ದುಹೋದೀತು. ಕೊಡುತ್ತದೆ. ಧಾರಾಳವಾಗಿ ಕೊಡುತ್ತದೆ. ಗುಂಪಿದೆ, ಆ್ಯಪ್ ಇದೆ, ಡೈರಿ ಇದೆ, ಎಸ್ಎಂಎಸ್ ಇದೆ, ಗೇಟಿಗೆ ಅಂಟಿಸಿದ ಸೂಚನಾಪತ್ರವಿದೆ. ಐದರಲ್ಲೂ ಒಂದೇ ಸುದ್ದಿ, ದಿನಾಂಕ ಮಾತ್ರ ಬೇರೆ ಬೇರೆ. ಗುಂಪಿನ ಪ್ರಕಾರ ಪೋಷಕರ ಸಭೆ ಶನಿವಾರ, ಆ್ಯಪ್ ಪ್ರಕಾರ ಶುಕ್ರವಾರ. ಗೇಟಿನ ಸೂಚನಾಪತ್ರವನ್ನು ಮಳೆ ಓದಿಕೊಂಡು ಹೋಗಿದೆ. ಡೈರಿಯಲ್ಲಿ ಮಗು ತನ್ನ ಕೈಯಾರೆ ಬರೆದುಕೊಂಡು ಬಂದಿರುವುದು ‘ನಾಳೆ ಸಬೆ’ ಎಂದು. ಯಾವ ನಾಳೆ ಎಂಬುದನ್ನು ಓದುವವರ ವಿವೇಚನೆಗೆ ಬಿಡಲಾಗಿದೆ.

ಈ ಗುಂಪುಗಳ ಗಾತ್ರವಾದರೂ ಎಂಥದ್ದು! ಒಂದು ವಾಟ್ಸ್‌ಆ್ಯಪ್ ಗುಂಪಿಗೆ 256 ಜನ ಸಾಕೆಂದು ಬಹುಕಾಲ ನಂಬಲಾಗಿತ್ತು. 2022ರ ಒಂದೇ ವರ್ಷದಲ್ಲಿ ಆ ಮಿತಿ 512ಕ್ಕೆ ಏರಿ, ಅಲ್ಲಿಂದ 1024ಕ್ಕೆ ಜಿಗಿಯಿತು. ಅದೇ ವರ್ಷ ಹಲವು ಗುಂಪುಗಳನ್ನು ಒಂದೇ ಸೂರಿನಡಿ ತರುವ ‘ಕಮ್ಯೂನಿಟಿ’ ಎಂಬ ಹೊಸ ಸೌಲಭ್ಯವನ್ನು ಪ್ರಕಟಿಸಿದಾಗ ಕಂಪನಿ ಕೊಟ್ಟ ಉದಾಹರಣೆಗಳಲ್ಲಿ ಶಾಲೆಯೂ ಒಂದು. ಸಾವಿರ ಜನರನ್ನು ಒಂದೇ ಕೋಣೆಯಲ್ಲಿ ಕೂಡಿಹಾಕಿ, ಒಬ್ಬರು ‘ನೀಲಿ ಟೋಪಿ ಕಳೆದಿದೆ’ ಎಂದಾಗ ಉಳಿದವರು ಸರದಿಯಲ್ಲಿ ‘ನಮ್ಮ ಹತ್ತಿರ ಇಲ್ಲ’ ಎನ್ನುವ ವ್ಯವಸ್ಥೆಗೆ ಇಷ್ಟು ದೊಡ್ಡ ತಂತ್ರಜ್ಞಾನ ಬೇಕಾಯಿತು. ಶಿಕ್ಷಕಿ ‘ಶುಭೋದಯ’ ಎಂದರೆ ಹೆಬ್ಬೆರಳುಗಳ ಸುರಿಮಳೆ, ಕೈಮುಗಿದ ಚಿತ್ರಗಳ ಸುರಿಮಳೆ, ಅದರ ನಡುವೆ ಯಾರೋ ತಪ್ಪಿ ಕಳಿಸಿದ ಗೃಹಸಾಲದ ಜಾಹೀರಾತು. ನಾಳೆ ಮಧ್ಯಾಹ್ನವೇ ಶಾಲೆ ಬಿಡುತ್ತದೆ ಎಂಬ ಸಾಲು ಇದರಡಿಯಲ್ಲಿ ಎಲ್ಲೋ ಉಸಿರುಗಟ್ಟಿ ಬಿದ್ದಿರುತ್ತದೆ. ಮರುದಿನ ಮಧ್ಯಾಹ್ನ ಗೇಟಿನ ಬಳಿ ನಿಂತ ಮಗು ಮನೆಯವರಿಗಾಗಿ ಕಾಯುತ್ತದೆ. ವಿಚಾರಿಸಿದರೆ ಕಚೇರಿಯವರು ಶಾಂತವಾಗಿ ಹೇಳುತ್ತಾರೆ: ‘ಗುಂಪಿನಲ್ಲಿ ಹಾಕಿದ್ದೆವಲ್ಲ. ನೀಲಿ ಗೆರೆ ಬಂದಿದೆ.’

ಈ ನೀಲಿ ಗೆರೆ ಬಂದದ್ದು 2014ರ ನವೆಂಬರ್‌ನಲ್ಲಿ. ಅಲ್ಲಿಯವರೆಗೆ ಪೋಷಕರಿಗೆ ಸುಳ್ಳು ಹೇಳುವ ಹಕ್ಕಾದರೂ ಇತ್ತು. ಈಗ ಅದೂ ಇಲ್ಲ. ಸ್ನಾನದ ಮನೆಗೆ ಹೋಗುವಾಗ ಹೆಬ್ಬೆರಳು ಸುಮ್ಮನೆ ಪರದೆಗೆ ತಾಗಿದರೂ ಕಾನೂನಿನ ದೃಷ್ಟಿಯಲ್ಲಿ ನೀವು ಓದಿದ್ದೀರಿ, ಅರ್ಥಮಾಡಿಕೊಂಡಿದ್ದೀರಿ, ಒಪ್ಪಿದ್ದೀರಿ. ಇಡೀ ವ್ಯವಸ್ಥೆಯ ಗುಟ್ಟು ಇರುವುದು ಇಲ್ಲಿಯೇ. ಸಂದೇಶ ಬರುವುದು ನಮಗೆ ತಿಳಿಯಲಿ ಎಂದಲ್ಲ, ತಿಳಿಸಿದ್ದಕ್ಕೆ ದಾಖಲೆ ಇರಲಿ ಎಂದು.

ಫೋಟೊಗಳ ವಿಷಯಕ್ಕೆ ಬರೋಣ. ‘ಚಟುವಟಿಕೆ ಆಧಾರಿತ ಕಲಿಕೆ’ ಎಂಬ ಶೀರ್ಷಿಕೆಯಡಿ ಚಿತ್ರಗಳ ಮೂಟೆ ಬಂದು ಬೀಳುತ್ತದೆ. ಬೀಜ ಬಿತ್ತುತ್ತಿರುವ ಮಕ್ಕಳು. ಎಲ್ಲರ ಕೈಯೂ ಮಣ್ಣಿನಿಂದ ಒಂದು ಅಂಗುಲ ಮೇಲೆ ಸ್ತಬ್ಧವಾಗಿದೆ, ಎಲ್ಲರ ಕಣ್ಣೂ ಕ್ಯಾಮೆರಾದ ಮೇಲಿದೆ. ನಿಮ್ಮ ಮಗುವನ್ನು ಹುಡುಕಬೇಕೆಂದರೆ ಕಿವಿಯ ಆಕಾರ ಗೊತ್ತಿರಬೇಕು, ಏಕೆಂದರೆ ಕಾಣುವುದು ಅಷ್ಟೇ. ಒಂದು ಚಿತ್ರದಲ್ಲಿ ನಮ್ಮವಳ ಮೊಣಕೈ ಇತ್ತೆಂದು ಮನೆಯಲ್ಲಿ ಬಹುಮತದಿಂದ ತೀರ್ಮಾನವಾಯಿತು. ಬೀಜ ಮೊಳೆಯಿತೇ? ಅದರ ಫೋಟೊ ಬರಲಿಲ್ಲ. ಮುಂದಿನ ವಾರ ನೀರಿನ ಮಹತ್ವದ ದಿನವಿತ್ತು. ಬಹುಶಃ ಬೀಜಕ್ಕೆ ನೀರು ಹಾಕುವ ಹೊತ್ತಿನಲ್ಲಿ ಎಲ್ಲರೂ ನೀರಿನ ಚಿತ್ರ ತೆಗೆಯುತ್ತಿದ್ದರು.

ಮನೆಗೆ ಬಂದ ಮಗುವನ್ನು ‘ಇವತ್ತು ಏನಾಯಿತು?’ ಎಂದು ಕೇಳಿದರೆ ಜಗತ್ತಿನ ಎಲ್ಲ ಮಕ್ಕಳೂ ಕೊಡುವ ಉತ್ತರ ಒಂದೇ: ‘ಏನೂ ಇಲ್ಲ.’ ಬೇಹುಗಾರರಿಗೆ ತರಬೇತಿ ಕೊಡುವವರು ಎರಡನೆಯ ತರಗತಿಯ ಮಕ್ಕಳ ಬಳಿ ಪಾಠ ಹೇಳಿಸಿಕೊಳ್ಳಬೇಕು. ಇನ್ನು ಮನೆಯಲ್ಲಿ ಅಜ್ಜಿ ಮಾತ್ರ ಇದ್ದು, ಅವರಿಗೆ ಓದಲು ಬಾರದಿದ್ದರೆ ಶಾಲೆಯ ಪತ್ರವನ್ನು ಓದಿ ಹೇಳುವ ಅಧಿಕೃತ ವಕ್ತಾರ ಯಾರು? ಅದೇ ಮಗು. ‘ನಿಮ್ಮ ಮೊಮ್ಮಗ ತರಗತಿಯಲ್ಲಿ ವಿಪರೀತ ಮಾತನಾಡುತ್ತಾನೆ’ ಎಂಬುದು ‘ತರಗತಿಯಲ್ಲಿ ಚೆನ್ನಾಗಿ ಮಾತನಾಡುತ್ತಾನೆ’ ಎಂದಾಗಿ ಅಜ್ಜಿಯ ಕಿವಿ ಸೇರುತ್ತದೆ. ಅಜ್ಜಿ ದೃಷ್ಟಿ ತೆಗೆಯುತ್ತಾರೆ. ಐದು ಮಾರ್ಗಗಳ ಸಂವಹನದಲ್ಲಿ ಯಾರಿಗಾದರೂ ಸಂತೋಷ ತಂದ ಏಕೈಕ ಮಾರ್ಗ ಇದು, ಹಾಗಾಗಿ ಇದರ ಬಗ್ಗೆ ನನ್ನ ತಕರಾರಿಲ್ಲ.

ಇದೆಲ್ಲ ಹಣವಿಲ್ಲದ ಕಡೆಯ ಪಾಡು, ಶ್ರೀಮಂತ ದೇಶಗಳಲ್ಲಿ ಹೀಗಿರಲಾರದು ಎನ್ನುವವರು ಸ್ವೀಡನ್ನಿನ ಸ್ಟಾಕ್‌ಹೋಮ್ ನಗರದ ಕಥೆ ಕೇಳಬೇಕು. ಶಾಲೆಯ ಸಮಸ್ತ ಮಾಹಿತಿಯೂ ಒಂದೇ ಕಡೆ ಸಿಗಲಿ ಎಂದು ಅಲ್ಲಿನ ನಗರಾಡಳಿತ ‘ಸ್ಕೂಲ್‌ಪ್ಲಾಟ್‌ಫಾರ್ಮ್’ ಎಂಬ ಮಹಾಯಂತ್ರವನ್ನು ಕಟ್ಟಿಸಿ 2018ರಲ್ಲಿ ಉದ್ಘಾಟಿಸಿತು. ಖರ್ಚು ನೂರು ಕೋಟಿ ಸ್ವೀಡಿಷ್ ಕ್ರೋನಾ ದಾಟಿತು. ಬಳಸಲು ಹೋದ ಪೋಷಕರು ತಲೆಯ ಮೇಲೆ ಕೈಹೊತ್ತರು. ಮಗು ನಾಳೆ ಏನು ತೆಗೆದುಕೊಂಡು ಹೋಗಬೇಕು ಎಂಬ ಸಣ್ಣ ಪ್ರಶ್ನೆಗೆ ಉತ್ತರ ಸಿಗಬೇಕಾದರೆ ಮೆನುಗಳ ಕಾಡು ಹೊಕ್ಕು ಬರಬೇಕಿತ್ತು. ಅಷ್ಟು ಸಾಲದೆಂಬಂತೆ ಭದ್ರತೆಯಲ್ಲಿ ತೂತುಗಳಿದ್ದವು. ಕೆಲವರಿಗೆ ಬೇರೆ ಮಕ್ಕಳ ಖಾಸಗಿ ವಿವರಗಳು ಸಿಗುವಂತಾಗಿ, 2020ರಲ್ಲಿ ದೇಶದ ದತ್ತಾಂಶ ರಕ್ಷಣಾ ಪ್ರಾಧಿಕಾರ ನಗರದ ಶಿಕ್ಷಣ ಮಂಡಳಿಗೆ 40 ಲಕ್ಷ ಕ್ರೋನಾ ದಂಡ ಹಾಕಿತು. ಅಂದರೆ ಸ್ವಂತ ಮಗುವಿನ ವಿಷಯ ತಿಳಿಯುವುದು ದುಸ್ತರವಾಗಿತ್ತು, ನೆರೆಮನೆಯ ಮಗುವಿನ ವಿಷಯ ಸೋರುತ್ತಿತ್ತು. ಪೋಷಕರ ಗುಪ್ತ ಆಸೆಗಳನ್ನು ಇಷ್ಟು ಚೆನ್ನಾಗಿ ಅರಿತ ತಂತ್ರಾಂಶ ಇನ್ನೊಂದಿಲ್ಲ!

ಮುಂದಿನದು ಇನ್ನೂ ಸೊಗಸು. ತಂತ್ರಜ್ಞರೂ ಆಗಿದ್ದ ಕೆಲವು ಪೋಷಕರಿಗೆ ಇದು ಸಹಿಸದಾಯಿತು. ತಮ್ಮ ಬಿಡುವಿನ ವೇಳೆಯಲ್ಲಿ, ಅದೇ ಮಾಹಿತಿಯನ್ನು ಸರಳವಾಗಿ ತೋರಿಸುವ ಆ್ಯಪ್ ಒಂದನ್ನು ತಾವೇ ಬರೆದು 2021ರ ಆರಂಭದಲ್ಲಿ ಬಿಟ್ಟರು. ನೂರು ಕೋಟಿಯಲ್ಲಿ ಆಗದ್ದು ಸಂಜೆಯ ಬಿಡುವಿನಲ್ಲಿ ಆಯಿತೆಂದರೆ ಆಡಳಿತ ಏನು ಮಾಡಬೇಕು? ಶಾಲು ಹೊದಿಸಿ ಸನ್ಮಾನಿಸಬೇಕು ಎಂದುಕೊಂಡಿರಾದರೆ ನಿಮಗೆ ಆಡಳಿತದ ಪರಿಚಯವಿಲ್ಲ. ಅವರು ಪೊಲೀಸರಿಗೆ ದೂರು ಕೊಟ್ಟರು. ಹೊಸ ಆ್ಯಪ್ ಕೆಲಸ ಮಾಡದಂತೆ ತಮ್ಮ ವ್ಯವಸ್ಥೆಯನ್ನು ಮತ್ತೆ ಮತ್ತೆ ತಿರುಚಿದರು, ಪೋಷಕರು ಮತ್ತೆ ಮತ್ತೆ ಸರಿಪಡಿಸಿಕೊಂಡರು. ಮೂಲ ಯಂತ್ರವನ್ನು ಸುಧಾರಿಸಲು ಇರದ ಚುರುಕು ಅದನ್ನು ಸುಧಾರಿಸಿದವರನ್ನು ತಡೆಯಲು ಎಲ್ಲಿಂದ ಬಂತೋ! ಅಪರಾಧವೇನೂ ನಡೆದಿಲ್ಲ ಎಂದು ಪೊಲೀಸರು ಕಡತ ಮುಚ್ಚಿದರು. ಕೊನೆಗೆ ನಗರಾಡಳಿತ ತಣ್ಣಗಾಗಿ, ಹೊರಗಿನವರ ಆ್ಯಪ್‌ಗಳಿಗೂ ಬಾಗಿಲು ತೆರೆಯುವುದಾಗಿ ಹೇಳಿತು. ತನ್ನ ಮಗುವಿನ ವೇಳಾಪಟ್ಟಿ ನೋಡಲು ಹೊರಟ ಅಪ್ಪ ಆರೋಪಿಯ ಪಟ್ಟಿಗೆ ಸೇರಬಹುದೆಂದು ನಮ್ಮ ಮುಖ್ಯೋಪಾಧ್ಯಾಯರಿಗೆ ದಯವಿಟ್ಟು ಯಾರೂ ತಿಳಿಸಬೇಡಿ. ಅವರು ಹೊಸ ವಿಚಾರಗಳನ್ನು ಬಲು ಬೇಗ ಅಳವಡಿಸಿಕೊಳ್ಳುತ್ತಾರೆ.

ಮಾಹಿತಿ ಕೊಡುವುದು ಅಸಾಧ್ಯದ ಕಲೆಯೇನಲ್ಲ ಎಂಬುದೇ ಹೊಟ್ಟೆ ಉರಿಸುವ ಸಂಗತಿ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಶಾಲಾಪೂರ್ವ ಮಕ್ಕಳ ಪೋಷಕರೊಂದಿಗೆ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರಾದ ಬೆಂಜಮಿನ್ ಯಾರ್ಕ್ ಮತ್ತು ಸುಸಾನಾ ಲೋಬ್ ಒಂದು ಪ್ರಯೋಗ ಮಾಡಿದರು. ಆ್ಯಪ್ ಇಲ್ಲ, ಗುಂಪಿಲ್ಲ, ಬರೀ ಎಸ್ಎಂಎಸ್. ವಾರಕ್ಕೆ ಮೂರೇ ಮೂರು. ಒಂದರಲ್ಲಿ ತಿಳಿಯಬೇಕಾದ ಒಂದು ಸಂಗತಿ, ಇನ್ನೊಂದರಲ್ಲಿ ಮನೆಯಲ್ಲಿ ಮಾಡಬಹುದಾದ ಒಂದು ಸಣ್ಣ ಕೆಲಸ, ಮೂರನೆಯದರಲ್ಲಿ ಒಂದಿಷ್ಟು ಉತ್ತೇಜನ. ಸ್ನಾನ ಮಾಡಿಸುವಾಗ ಶಾಂಪೂ ಬಾಟಲಿಯ ಮೇಲಿನ ಅಕ್ಷರ ತೋರಿಸಿ ಕೇಳಿ ಎನ್ನುವಂಥದ್ದು. ಆ ಮಕ್ಕಳ ಅಕ್ಷರಜ್ಞಾನ ಸುಧಾರಿಸಿತು. ಸಂದೇಶಗಳ ಸಂಖ್ಯೆಯನ್ನು ಏರಿಸಿ ನೋಡಿದ ಮುಂದಿನ ಅಧ್ಯಯನದಲ್ಲಿ, ವಾರಕ್ಕೆ ಐದಾದಾಗ ‘ನಮಗೆ ಬೇಡ’ ಎಂದು ಹೊರಹೋಗುವ ಪೋಷಕರು ಹೆಚ್ಚಿದರು. ಐದಕ್ಕೇ! ನಮ್ಮ ಗುಂಪಿನಲ್ಲಿ ಬೆಳಗಿನ ಪ್ರಾರ್ಥನೆ ಮುಗಿಯುವ ಮೊದಲೇ ಐದು ಮುಗಿದಿರುತ್ತದೆ. ನಮ್ಮ ಪೋಷಕರ ಸಹನೆಯ ಬಗ್ಗೆ ಸ್ಟ್ಯಾನ್‌ಫರ್ಡ್‌ನವರು ಬೇರೆಯದೇ ಒಂದು ಅಧ್ಯಯನ ಮಾಡಬೇಕಾದೀತು.

ಶಿಕ್ಷಕಿಯನ್ನು ಬೈಯಲು ನನಗೆ ಮನಸ್ಸಿಲ್ಲ. ರಾತ್ರಿ ಹತ್ತಕ್ಕೆ ಶನಿಯನ್ನು ನಮ್ಮ ಮನೆಗೆ ಕಳಿಸಿದವರು, ಆ ಹೊತ್ತಿಗೆ ತಮ್ಮ ಮಗುವನ್ನು ಮಲಗಿಸಿ ಮೊಬೈಲ್ ಹಿಡಿದು ಕೂತಿದ್ದರು. ಮೇಲಿನಿಂದ ಆದೇಶ ಬಂದದ್ದು ಆಗಲೇ ಇರಬೇಕು. ಫೋಟೊ ತೆಗೆ, ಭಿತ್ತಿಪತ್ರ ಮಾಡು, ಆ್ಯಪ್‌ಗೆ ಏರಿಸು, ಯಾರು ನೋಡಿದರು ಯಾರು ನೋಡಲಿಲ್ಲ ಪಟ್ಟಿ ಮಾಡು. ಇದಕ್ಕೆ ಸಂಬಳವಿಲ್ಲ, ವೇಳೆಯಿಲ್ಲ. ಪಾಠ ಮಾಡುವುದು ಯಾವಾಗ ಎಂದು ಕೇಳಿದರೆ ಅದಕ್ಕೂ ಒಂದು ದಿನಾಚರಣೆ ಇಟ್ಟಾರು.

ಆದರೆ ಒಂದು ಮಾತು ಕೇಳದೆ ಇರಲಾರೆ. ನಮ್ಮ ಪರಿಚಯದವರ ಹುಡುಗನೊಬ್ಬ ಮೂರನೆಯ ತರಗತಿ ಮುಗಿಸುವವರೆಗೂ ಒಂದು ವಾಕ್ಯವನ್ನು ಸರಾಗವಾಗಿ ಓದಲಾರ ಎಂಬುದು ಅವನ ಮನೆಯವರಿಗೆ ಗೊತ್ತಾದದ್ದು ವರ್ಷದ ಕೊನೆಯ ಸಭೆಯಲ್ಲಿ. ಅಲ್ಲಿಯವರೆಗೆ ಅವರಿಗೆ ಆ ಹುಡುಗ ಮರವಾಗಿ, ಮಳೆಹನಿಯಾಗಿ, ಸಂಚಾರ ದೀಪವಾಗಿ ನಿಂತ ಚಿತ್ರಗಳು ತಪ್ಪದೆ ಬಂದಿದ್ದವು. ಶುಲ್ಕದ ನೆನಪೋಲೆಗಳೂ ಬಂದಿದ್ದವು, ಸರಿಯಾದ ದಿನಕ್ಕೆ, ಸರಿಯಾದ ಹೆಸರಿಗೆ, ಒಂದು ಕಾಗುಣಿತದ ತಪ್ಪೂ ಇಲ್ಲದೆ. ಅಂದರೆ ಕಳಿಸಲು ಬರುತ್ತದೆ. ಬೇಕಾದಾಗ ಬರುತ್ತದೆ. ಹುಡುಗ ಓದಲು ತಡವರಿಸುತ್ತಿದ್ದಾನೆ, ಬನ್ನಿ, ಮಾತನಾಡೋಣ ಎಂಬ ಒಂದು ಸಾಲನ್ನು ಮಾತ್ರ ಮೂರು ವರ್ಷ ಯಾರೂ ಕಳಿಸಲಿಲ್ಲ. ಇದರಲ್ಲಿ ನಗುವಂಥದ್ದು ಏನೂ ಇಲ್ಲ. ಆಟದ ಹೊತ್ತಿನಲ್ಲಿ ಯಾವ ಮಗು ದಿನವೂ ಒಬ್ಬನೇ ಗೋಡೆಗೆ ಒರಗಿ ನಿಲ್ಲುತ್ತಾನೆ, ಯಾರು ಊಟದ ಡಬ್ಬಿ ತೆರೆಯುವುದೇ ಇಲ್ಲ, ಯಾರು ನಾಲ್ಕು ದಿನದಿಂದ ಮಾತು ನಿಲ್ಲಿಸಿದ್ದಾರೆ: ಮನೆಯವರಿಗೆ ಬೇಕಿರುವ ಸುದ್ದಿ ಇದು. ಇದನ್ನು ಸಾವಿರ ಜನರ ಗುಂಪಿನಲ್ಲಿ ಹಾಕಲಾಗದು, ಒಬ್ಬರು ಇನ್ನೊಬ್ಬರಿಗೆ ಹೇಳಬೇಕು. ಅದಕ್ಕೆ ಶಿಕ್ಷಕಿಗೆ ಹತ್ತು ನಿಮಿಷ ಪುರುಸೊತ್ತು ಬೇಕು. ಆ ಹತ್ತು ನಿಮಿಷವನ್ನು ಬೀಜ ಬಿತ್ತುವ ಫೋಟೊಗೆ ಕೊಟ್ಟಾಗಿದೆ.

ಮೊನ್ನೆ ಹೊಸದೊಂದು ಬಂತು: ‘ಶಾಲೆ ಮತ್ತು ಪೋಷಕರ ಸಂವಹನ, ತೃಪ್ತಿ ಸಮೀಕ್ಷೆ’. ಮೊದಲ ಪುಟದಲ್ಲಿ ಮಗುವಿನ ಹೆಸರು, ತರಗತಿ, ಶಾಲೆಯೇ ಕೊಟ್ಟಿರುವ ದಾಖಲಾತಿ ಸಂಖ್ಯೆ, ಎಲ್ಲವನ್ನೂ ಶಾಲೆಗೆ ತಿಳಿಸಬೇಕು. ಎರಡನೆಯ ಪುಟದಲ್ಲಿ ಪ್ರಶ್ನೆ. ನಾವು ನೀಡುವ ಮಾಹಿತಿಯ ಬಗ್ಗೆ ನಿಮ್ಮ ಅಭಿಪ್ರಾಯ: ಅತ್ಯುತ್ತಮ, ಉತ್ತಮ, ತೃಪ್ತಿಕರ. ಅದಕ್ಕಿಂತ ಕೆಳಗಿಳಿಯಲು ಮೆಟ್ಟಿಲಿಲ್ಲ. ‘ಸಲಹೆಗಳು’ ಎಂಬ ಚೌಕದಲ್ಲಿ ನಾನು ಮೇಲೆ ಹೇಳಿದ್ದನ್ನು ಬರೆಯತೊಡಗಿದೆ. ಎರಡನೆಯ ಸಾಲಿಗೇ ‘ಅಕ್ಷರಮಿತಿ ಮೀರಿದೆ’ ಎಂದಿತು. ಅಳಿಸಿ, ತೃಪ್ತಿಕರ ಒತ್ತಿ ಎದ್ದೆ. ಮರುದಿನವೇ ಗುಂಪಿನಲ್ಲಿ ಬಣ್ಣಬಣ್ಣದ ಭಿತ್ತಿಪತ್ರ: ‘ನಮ್ಮ ಸಂವಹನದ ಬಗ್ಗೆ ನೂರಕ್ಕೆ ನೂರು ಪೋಷಕರು ತೃಪ್ತರು.’ ಸಮೀಕ್ಷೆ ತುಂಬಲು ಕೊನೆಯ ದಿನಾಂಕಕ್ಕೆ ಇನ್ನೂ ಒಂದು ವಾರವಿತ್ತು.