ಕೂಲರ್ ಮಾರೋರು ಜುಲೈವರೆಗೆ ಕಾಯಬೇಡಿ

"ಹಳೆಯ ಸಾಮಾನು ಯಾವಾಗ ಹಾಕಿದರೂ ಆನ್‌ಲೈನ್‌ನಲ್ಲಿ ಅರ್ಧ ಬೆಲೆಗೆ ಹೋಗುತ್ತದೆ" ಎಂದು, ಮನೆಯ ಹಳೆಯ ಸಾಮಾನು ಮಾರೋದರ ಬಗ್ಗೆ ನಿಮ್ಮಲ್ಲಿ ಬಂದ ಲೇಖನದಲ್ಲಿ ಲೇಖಕರು ಬರೆದಿದ್ದಾರೆ. ನಮ್ಮ ರಾಯಚೂರಿನಲ್ಲಿ ಈ ಲೆಕ್ಕ ನಡೆಯೋದಿಲ್ಲ ಸರ್. ಶಕ್ತಿನಗರದಿಂದ ವರ್ಗವಾದಾಗ ಜುಲೈನಲ್ಲಿ ಕೂಲರ್ ಮಾರಾಟಕ್ಕೆ ಹಾಕಿದ್ವಿ, ಮೂರು ವಾರ ಒಬ್ಬರೂ ಕೇಳಲಿಲ್ಲ. ಅದೇ ಕಂಪನಿಯ ಕೂಲರನ್ನು ಪಕ್ಕದ ಮನೆಯವರು ಮಾರ್ಚ್‌ನಲ್ಲಿ ಹಾಕಿದ್ದರು, ಸಂಜೆಯೊಳಗೆ ಕೊಂಡವರು ಆಟೋ ತಂದು ಒಯ್ದರು. ಬಿಸಿಲು 40 ಡಿಗ್ರಿ ದಾಟೋ ಊರಿದು, ಇಲ್ಲಿ ತಿಂಗಳು ನೋಡಿಯೇ ಬೆಲೆ ಹೇಳಬೇಕು. ಇನ್ನೊಂದು, ನಮ್ಮ ಕಡೆಯವರು ಮೊದಲು ಕೇಳೋದೇ "ಬೋರಿನ ನೀರು ಹಾಕ್ತಿದ್ರೇನು?" ಅಂತ. ಆ ನೀರಿನಿಂದ ಪ್ಯಾಡಿಗೆ, ಪಂಪಿಗೆ ಉಪ್ಪು ಕಟ್ಟಿದ್ದರೆ ಫೋಟೋದಲ್ಲೇ ತೋರಿಸಿಬಿಡಿ. ಮನೆಗೆ ಬಂದಮೇಲೆ ಜಗಳ ಆಗೋದಿಲ್ಲ.

ಆನ್‌ಲೈನ್ ಮೋಸದ ಬಗ್ಗೆ ಲೇಖಕರು ಒಂದೇ ಸಾಲು ಬರೆದಿದ್ದು ನನಗೆ ಬೇಸರ ತಂತು. ಮಾರಾಟಕ್ಕೆ ಹಾಕಿದ್ದ ನಮ್ಮ ಮಂಚ ನೋಡಿ ಫೋನ್ ಮಾಡಿದವನು ತಾನು ಸೈನ್ಯದಲ್ಲಿದ್ದೇನೆ ಅಂದ, ಚೌಕಾಸಿಯನ್ನೇ ಮಾಡಲಿಲ್ಲ. ಕ್ಯೂಆರ್ ಕೋಡ್ ಕಳಿಸಿ, "ಸ್ಕ್ಯಾನ್ ಮಾಡಿ ಪಿನ್ ಒತ್ತಿ, ದುಡ್ಡು ಬರ್ತದ" ಅಂತ ಅವ್ವಗೆ ಹೇಳಿದ. ಅವ್ವ ಎರಡು ಅಂಕಿ ಒತ್ತಿಯೂ ಬಿಟ್ಟಿದ್ದಳು, ನಾನು ಫೋನ್ ಕಸಿದುಕೊಂಡೆ. ಯುಪಿಐಯಲ್ಲಿ ಹಣ ಪಡೆಯಲು ಪಿನ್ ಬೇಕಾಗೋದೇ ಇಲ್ಲ, ಸ್ಕ್ಯಾನೂ ಬೇಡ. ಇದನ್ನು ಲೇಖನದ ಮೊದಲ ಪ್ಯಾರಾದಲ್ಲೇ ದಪ್ಪಕ್ಷರದಲ್ಲಿ ಹಾಕಬೇಕಿತ್ತು. ಹಣ ಹೋಗಿಬಿಟ್ಟರೆ ನಾಚಿಕೆಯಿಂದ ಮುಚ್ಚಿಡದೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ತಡವಾದಷ್ಟೂ ಆ ಹಣ ಬೇರೆ ಬೇರೆ ಖಾತೆಗೆ ದಾಟಿಬಿಡುತ್ತದೆ.