ಸತ್ಯಾಂಶ: ಹಸಿರು ಟಿಕ್ ಬಂದರೆ ಫೈಲ್ ಸೇಫಾ?

‘ಆಂಟಿವೈರಸ್ ಹಸಿರು ಟಿಕ್ ತೋರಿಸಿದರೆ ಸಾಕು, ಫೈಲನ್ನು ಕಣ್ಣುಮುಚ್ಚಿ ತೆರೆಯಬಹುದು’ ಎಂಬ ಮೆಸೇಜ್ ಓಡಾಡುತ್ತಿದೆ. ಇದು ಅರ್ಧ ಸತ್ಯ. ‘ನನ್ನ ಕಣ್ಣಿಗೆ ಏನೂ ಬೀಳಲಿಲ್ಲ’ ಅಂತಷ್ಟೇ ಆ ಟಿಕ್‌ನ ಅರ್ಥ.

2004ರಲ್ಲಿ ಬಯಲಾದ ಒಂದು ದೋಷ ನೋಡಿ. ಜಿಪ್ ಅಂದರೆ ಫೈಲ್‌ಗಳನ್ನು ಕುಗ್ಗಿಸಿ ಕಟ್ಟಿದ ಗಂಟು. ಒಳಗಿರುವ ಫೈಲ್ ಎಷ್ಟು ದೊಡ್ಡದು ಎಂದು ಅದರ ಹೆಡರ್‌ನಲ್ಲಿ, ಅಂದರೆ ವಿವರ ಬರೆದಿಡುವ ಭಾಗದಲ್ಲಿ, ಬರೆದಿರುತ್ತದೆ. ಅಲ್ಲಿ ಸುಮ್ನೆ ಸೊನ್ನೆ ಎಂದು ತಿದ್ದಿದರೆ, ಹಲವು ಆಂಟಿವೈರಸ್‌ಗಳು ಒಳಗೆ ಇಣುಕದೆ ಬಿಟ್ಟುಬಿಡುತ್ತಿದ್ದವು. ಜಿಪ್ ಬಿಚ್ಚುವ ಸಾಫ್ಟ್‌ವೇರ್ ಮಾತ್ರ ಆ ಸೊನ್ನೆಗೆ ಕ್ಯಾರೇ ಅನ್ನದೆ ಒಳಗಿದ್ದ ಮಾಲ್‌ವೇರನ್ನು (ಹಾನಿ ಮಾಡುವ ಸಾಫ್ಟ್‌ವೇರ್) ನೀಟಾಗಿ ಹೊರಗೆ ತೆಗೆದುಕೊಡುತ್ತಿತ್ತು. ತಮಾಷೆಯಾಗಿದೆ ಅಲ್ವಾ?

2017ರಲ್ಲಂತೂ ವಿಂಡೋಸ್ ಜೊತೆಗೇ ಬರುವ ಆಂಟಿವೈರಸ್ ಮೈಕ್ರೋಸಾಫ್ಟ್ ಡಿಫೆಂಡರ್‌ನ ಸ್ಕ್ಯಾನ್ ಮಾಡುವ ಎಂಜಿನ್‌ನಲ್ಲೇ ದೋಷ ಸಿಕ್ಕಿತು. ದಾಳಿಕೋರ ಕಳಿಸಿದ ಫೈಲನ್ನು ಅದು ಸ್ಕ್ಯಾನ್ ಮಾಡಿದರೆ ಸಾಕು, ಅವನ ಕೋಡ್ ಓಡಬಹುದಿತ್ತು!

ಹಾಗಂತ ಆಂಟಿವೈರಸ್ ಕಿತ್ತುಹಾಕಬೇಡಿ. ಅಪ್‌ಡೇಟ್ ಮಾತ್ರ ಮುಂದೂಡಬೇಡಿ. ಇಂಥ ತೂತುಗಳು ಮುಚ್ಚುವುದು ಅದರಿಂದಲೇ.